ಆವಿ, ಹಬೆ, ಉಗಿ: ಕಾಣುವುದಕ್ಕೆ ಯಾವುದು, ಕಾಣದ್ದಕ್ಕೆ ಯಾವುದು?

ಮಾನ್ಯರೇ,

ಮಕ್ಕಳ ವಿಜ್ಞಾನದ ಪ್ರಶ್ನೆಗಳಿಗೆ ಕನ್ನಡದಲ್ಲಿ ಉತ್ತರ ಬರೆಯುವಾಗ ಎದುರಾದ ತೊಡಕೊಂದನ್ನು ತಮ್ಮ ಮುಂದಿಡುತ್ತಿದ್ದೇನೆ. ಏಳನೆಯ ತರಗತಿಯ ಹುಡುಗಿಯೊಬ್ಬಳ ಪ್ರಶ್ನೆ ಇದು: “ನೀರಾವಿ ಕಣ್ಣಿಗೆ ಕಾಣುವುದಿಲ್ಲವಂತೆ. ಹಾಗಾದರೆ ಇಡ್ಲಿ ಪಾತ್ರೆಯಿಂದ ಬೆಳ್ಳಗೆ ಏಳುವ ಆವಿ ಯಾವುದು?”

ಕುದಿಯುವ ಕೆಟಲಿನ ಮೂತಿಯನ್ನು ದೂರದಿಂದಲೇ ದಿಟ್ಟಿಸಿದರೆ, ಮೂತಿಗೆ ತೀರ ಹತ್ತಿರದ ಒಂದಿಷ್ಟು ಜಾಗ ಖಾಲಿಯಿದ್ದಂತೆ ತೋರುತ್ತದೆ. ಅನಿಲರೂಪದ ನೀರು ಇರುವುದು ಅಲ್ಲಿಯೇ. ಅದು ಮುಂದೆ ಸರಿದು ತಂಪು ಗಾಳಿಯೊಡನೆ ಬೆರೆತೊಡನೆ ಅತಿ ಸಣ್ಣ ಹನಿಗಳಾಗುತ್ತದೆ, ಆ ಹನಿಗಳು ಎಲ್ಲ ಬಣ್ಣದ ಬೆಳಕನ್ನೂ ಹೆಚ್ಚುಕಡಿಮೆ ಸಮನಾಗಿ ಚದುರಿಸುವುದರಿಂದ ಬೆಳ್ಳಗೆ ಕಾಣುತ್ತವೆ. ಚಳಿಗಾಲದ ಬೆಳಿಗ್ಗೆ ಮಕ್ಕಳು ‘ಬಾಯಿಂದ ಹೊಗೆ’ ಎನ್ನುವುದೂ ಇಂಥ ಹನಿಗಳನ್ನೇ. ಕಾಣದ ಭಾಗವನ್ನು ಬೇರೆಯಾಗಿ ಹೆಸರಿಸುವುದು ಮಕ್ಕಳ ಸುರಕ್ಷತೆಗೂ ಅಗತ್ಯ: 100 ಡಿಗ್ರಿ ಸೆಲ್ಸಿಯಸ್‌ನ ಒಂದು ಗ್ರಾಂ ನೀರಾವಿ ಚರ್ಮದ ಮೇಲೆ ನೀರಾಗುವಾಗಲೇ ಸುಮಾರು 2,260 ಜೂಲ್ ಶಾಖವನ್ನು ಬಿಡುತ್ತದೆ, ಅಷ್ಟೇ ಬಿಸಿಯ ಒಂದು ಗ್ರಾಂ ನೀರು 40 ಡಿಗ್ರಿಗೆ ಇಳಿಯುವಾಗ ಬಿಡುವುದು ಸುಮಾರು 250 ಜೂಲ್ ಮಾತ್ರ.

ನಮ್ಮ ಆಡುಮಾತಿನಲ್ಲಿ ಈ ಭೇದ ಅರ್ಧ ಇದ್ದೇ ಇದೆ. ಒದ್ದೆ ಬಟ್ಟೆಯ ನೀರು ‘ಆವಿಯಾಯಿತು’ ಎನ್ನುತ್ತೇವೆ, ‘ಹಬೆಯಾಯಿತು’ ಎನ್ನುವುದಿಲ್ಲ. ಬಿಸಿ ಕಾಫಿಯಾದರೆ ‘ಹಬೆಯಾಡುತ್ತದೆ’. ಆದ್ದರಿಂದ ಕಾಣದ ಅನಿಲಕ್ಕೆ ‘ಆವಿ’, ಕಾಣುವ ಹನಿಗಳ ಮೋಡಕ್ಕೆ ‘ಹಬೆ’, ಒತ್ತಡದಿಂದ ಯಂತ್ರ ನಡೆಸುವುದಕ್ಕೆ, ಉಗಿಬಂಡಿಯಲ್ಲಿರುವಂತೆ, ‘ಉಗಿ’ ಎಂದು ಗೊತ್ತುಮಾಡಿಕೊಳ್ಳಬಹುದೆಂದು ನನ್ನ ಅನಿಸಿಕೆ. ‘ಬಾಷ್ಪ’ವನ್ನು ಮಕ್ಕಳ ಬರಹದಿಂದ ದೂರವಿಡುವುದೇ ಲೇಸು, ‘ಆನಂದಬಾಷ್ಪ’ವನ್ನು ಮೊದಲೇ ಕೇಳಿರುವ ಮಗು ಕಣ್ಣೀರೆಂದೇ ತಿಳಿದೀತು.

ಆದರೆ ಕಡುಬು ಬೇಯುವುದು ‘ಹಬೆಯಲ್ಲಿ’. ಅಲ್ಲಿ ಕಡುಬಿಗೆ ಶಾಖ ಮುಟ್ಟಿಸುವುದು ಮುಖ್ಯವಾಗಿ ಕಾಣದ ಆವಿಯೇ ಆದ್ದರಿಂದ, ಅಡುಗೆಮನೆಯ ಈ ನುಡಿಗಟ್ಟು ನನ್ನ ವಿಂಗಡಣೆಗೆ ಒಗ್ಗುವುದಿಲ್ಲ. ಅದನ್ನು ಹಾಗೆಯೇ ಬಿಟ್ಟು, ವಿವರಣೆಯಲ್ಲಿ ಮಾತ್ರ ಭೇದವನ್ನು ಪಾಲಿಸಿದರೆ ಸಾಕೇ? ತಮ್ಮ ಕಡೆ ನೆಗಡಿಯಾದಾಗ ತೆಗೆದುಕೊಳ್ಳುವುದು ಆವಿಯನ್ನೋ, ಹಬೆಯನ್ನೋ? ಕರಾವಳಿಯಲ್ಲಿ ಮತ್ತು ಉತ್ತರ ಕರ್ನಾಟಕದಲ್ಲಿ ಈ ಮೂರು ಪದಗಳ ಬಳಕೆ ಹೇಗಿದೆ ಎಂಬುದನ್ನು ಉದಾಹರಣೆಯೊಡನೆ ತಿಳಿಸಬೇಕೆಂದು ಕೋರುತ್ತೇನೆ.