ಯಂತ್ರ ಕೊಳ್ಳಲು ಸಬ್ಸಿಡಿ ಇದೆ, ನಡೆಸಲು ದುಡ್ಡೆಲ್ಲಿ?

ಬಯಲುಸೀಮೆ_ಹುಡುಗ:
ಹಳ್ಳಿಯಲ್ಲಿ ಸಣ್ಣ ಉದ್ಯಮ ಶುರು ಮಾಡುವವರಿಗೆ ಸರ್ಕಾರದ ಯೋಜನೆಗಳು ಕಡಿಮೆ ಏನಿಲ್ಲ. ಹೊಸ ಸಣ್ಣ ಉದ್ಯಮಕ್ಕೆ ಬ್ಯಾಂಕ್ ಸಾಲದ ಜೊತೆ ಸಬ್ಸಿಡಿ ಕೊಡುವ ಪಿಎಂಇಜಿಪಿ 2008ರಿಂದ ಇದೆ. ಆಹಾರ ಸಂಸ್ಕರಣೆಗೆ ಅಂತಲೇ 2020ರಲ್ಲಿ ಪಿಎಂಎಫ್‌ಎಂಇ ಬಂತು. ಆದರೆ ನಮ್ಮ ಹೋಬಳಿಯಲ್ಲಿ ಕಾಣುತ್ತಿರುವುದು ಬೇರೆ. ಖಾರದ ಪುಡಿ, ರೊಟ್ಟಿ, ಎಣ್ಣೆ ಗಾಣ, ಶಾವಿಗೆ ಅಂತ ಒಬ್ಬೊಬ್ಬರೂ ಸಾಲ ಮಾಡಿ ಯಂತ್ರ ತಂದಿದ್ದಾರೆ. ಬಹುಪಾಲು ಯಂತ್ರಗಳು ದಿನದ ಹೆಚ್ಚು ಹೊತ್ತು ಸುಮ್ನೆ ನಿಂತಿರುತ್ತವೆ. ಕಂತು ಮಾತ್ರ ತಿಂಗಳಿಗೆ ಸರಿಯಾಗಿ ಬರುತ್ತದೆ.

ಪಿಎಂಎಫ್‌ಎಂಇಯಲ್ಲಿ ಸಾಮಾನ್ಯ ಸೌಲಭ್ಯ ಕೇಂದ್ರಕ್ಕೂ ಶೇ. 35ರಷ್ಟು ನೆರವು ಇದೆ. ಗರಿಷ್ಠ 3 ಕೋಟಿ ರೂಪಾಯಿವರೆಗೆ. ಸ್ವಸಹಾಯ ಸಂಘ, ರೈತ ಉತ್ಪಾದಕರ ಸಂಸ್ಥೆ, ಸಹಕಾರ ಸಂಘ ಯಾರಾದರೂ ಕೇಳಬಹುದು. ಹತ್ತು ಮನೆಯವರು ಹತ್ತು ಸಾಲ ಮಾಡುವ ಬದಲು ಒಂದು ಒಳ್ಳೆಯ ಘಟಕ ಕಟ್ಟಿ, ಬೇಕಾದವರು ಬಾಡಿಗೆ ಕೊಟ್ಟು ಬಳಸಿದರೆ ಸಾಲದ ಹೊರೆ ಎಷ್ಟೋ ಇಳಿಯುತ್ತದೆ ಅಲ್ವಾ? ಒಬ್ಬೊಬ್ಬರಿಗೆ ಕೊಡುವ ಸಬ್ಸಿಡಿ ಕಡಿಮೆ ಮಾಡಿ ಆ ಹಣವನ್ನು ಸಾಮಾನ್ಯ ಸೌಲಭ್ಯಕ್ಕೆ ಹಾಕಬೇಕು ಅನ್ನುವುದು ನನ್ನ ವಾದ. ಒಪ್ಪದವರು ಕಾರಣ ಹೇಳಿ.

ಗಾಣದ_ಎಣ್ಣೆ:
ನಾನು ಒಪ್ಪುವುದಿಲ್ಲ. ಪಿಎಂಎಫ್‌ಎಂಇ ಸಾಲದಲ್ಲೇ ಗಾಣ ಹಾಕಿದವನು ನಾನು. ಸಾಮಾನ್ಯ ಘಟಕ ಕೇಳಲು ಚೆನ್ನಾಗಿದೆ. ಆದರೆ ಶೇಂಗಾ ಬರುವುದು ಎಲ್ಲರಿಗೂ ಒಂದೇ ಸಮಯಕ್ಕೆ. ಆಗ ಹತ್ತು ಜನ ಸಾಲು ನಿಲ್ಲುತ್ತಾರೆ, ಉಳಿದ ತಿಂಗಳು ಯಾರೂ ಬರುವುದಿಲ್ಲ. ಹಿಂದಿನವರು ಹರಳು ಅರೆದು ಹೋಗಿದ್ದರೆ, ನಾನು ಅದರಲ್ಲೇ ಶೇಂಗಾ ಅರೆಯುವುದು ಹೇಗೆ? ಗಿರಾಕಿಗೆ ವಾಸನೆ ಗೊತ್ತಾಗುತ್ತದೆ. ಬಾಟಲಿ ಮೇಲೆ ಆಹಾರ ಪರವಾನಗಿ ನಂಬರ್ ನನ್ನದು. ಹೆಸರು ಕೆಟ್ಟರೆ ನನ್ನದೇ ಕೆಡುತ್ತದೆ.

ಇನ್ನೊಂದು ಮಾತು. ನಮ್ಮ ರಾಜ್ಯದಲ್ಲಿ ಕೇಂದ್ರದ ಶೇ. 35ರ ಮೇಲೆ ರಾಜ್ಯ ಸರ್ಕಾರ ಶೇ. 15 ಸೇರಿಸಿದ್ದರಿಂದ ಅರ್ಧ ಭಾಗ ಸಬ್ಸಿಡಿ ಆಯಿತು, ಗರಿಷ್ಠ 15 ಲಕ್ಷದವರೆಗೆ. ಅದು ಇರದಿದ್ದರೆ ನನ್ನಂಥವನು ಈ ಕೆಲಸಕ್ಕೆ ಕೈ ಹಾಕುತ್ತಲೇ ಇರಲಿಲ್ಲ. ಅದನ್ನು ಕಡಿಮೆ ಮಾಡಿ ಅಂತ ದಯವಿಟ್ಟು ಕೇಳಬೇಡಿ.

ತೆರಿಗೆ_ಕಟ್ಟೋನು:
ಸಬ್ಸಿಡಿ ಇರದಿದ್ದರೆ ಕೈ ಹಾಕುತ್ತಿರಲಿಲ್ಲ ಅಂದರೆ, ಆ ಉದ್ಯಮ ತನ್ನ ಕಾಲ ಮೇಲೆ ನಿಲ್ಲುವಂಥದ್ದಲ್ಲ ಅಂತ ಅರ್ಥ ಅಲ್ವಾ? ನಮ್ಮಲ್ಲಿ ಇದು ಹಳೆಯ ಕತೆ. 1980ರಲ್ಲಿ ದೇಶದ ಎಲ್ಲಾ ಬ್ಲಾಕ್‌ಗಳಿಗೂ ಐಆರ್‌ಡಿಪಿ ಅನ್ನುವ ಗ್ರಾಮೀಣಾಭಿವೃದ್ಧಿ ಯೋಜನೆ ತಂದರು. ಸಾಲ ಮತ್ತು ಸಬ್ಸಿಡಿಯಲ್ಲಿ ಹಸು, ಎಮ್ಮೆ, ಹೊಲಿಗೆ ಯಂತ್ರ ಕೊಟ್ಟರು. ಸಬ್ಸಿಡಿಗಾಗಿಯೇ ಸಾಲ ತೆಗೆದವರು ಎಷ್ಟೋ ಜನ. ಮೇವಿಗೆ, ಹಾಲಿನ ಮಾರಾಟಕ್ಕೆ ವ್ಯವಸ್ಥೆ ಇಲ್ಲದ ಕಡೆಯೂ ಹಸು ಕೊಟ್ಟರು. ವಸೂಲಿ ಆಗಲಿಲ್ಲ. ಕೊನೆಗೆ 1999ರಲ್ಲಿ ಆ ಯೋಜನೆಯನ್ನು ಬೇರೆ ಯೋಜನೆಯೊಳಗೆ ಸೇರಿಸಿದರು. ಬಡ್ಡಿ ಇಳಿಸಿ, ಸಾಲಕ್ಕೆ ಗ್ಯಾರಂಟಿ ಕೊಡಿ, ಸಾಕು. ಕೈಗೆ ದುಡ್ಡು ಕೊಡಬೇಡಿ.

ಹಳೇ_ಮ್ಯಾನೇಜರ್:
ನಾನು ಗ್ರಾಮೀಣ ಶಾಖೆಗಳಲ್ಲೇ ಹೆಚ್ಚು ಕಾಲ ಇದ್ದು ನಿವೃತ್ತನಾದವನು. ಮೊದಲು ಒಂದು ವಿಷಯ ಸ್ಪಷ್ಟ ಮಾಡುತ್ತೇನೆ. ಈಗ ಯಾರ ಕೈಗೂ ದುಡ್ಡು ಕೊಡುವುದಿಲ್ಲ.

ಪಿಎಂಇಜಿಪಿಯಲ್ಲಿ ಒಬ್ಬ ಹಳ್ಳಿಯ ಹೆಣ್ಣುಮಗಳು 10 ಲಕ್ಷದ ಘಟಕಕ್ಕೆ ಅರ್ಜಿ ಹಾಕಿದಳು ಅಂದುಕೊಳ್ಳಿ. ಅವಳ ಸ್ವಂತ ಪಾಲು ಶೇ. 5, ಅಂದರೆ 50 ಸಾವಿರ. ಉಳಿದ 9.5 ಲಕ್ಷ ಬ್ಯಾಂಕ್ ಕೊಡುತ್ತದೆ. ಗ್ರಾಮೀಣ ಮಹಿಳೆಗೆ ಶೇ. 35 ಸಬ್ಸಿಡಿ, ಅಂದರೆ 3.5 ಲಕ್ಷ. ಮಾರ್ಜಿನ್ ಮನಿ ಅಂತ ಕರೆಯುವ ಈ ಸಬ್ಸಿಡಿ ಬ್ಯಾಂಕಿಗೆ ಬಂದು ಅವಳ ಹೆಸರಲ್ಲಿ ಠೇವಣಿಯಾಗಿ ಮೂರು ವರ್ಷ ಕೂರುತ್ತದೆ. ಆ ಠೇವಣಿಗೆ ಬಡ್ಡಿ ಕೊಡುವುದಿಲ್ಲ, ಅಷ್ಟು ಮೊತ್ತದ ಸಾಲಕ್ಕೆ ಬಡ್ಡಿ ಹಾಕುವುದೂ ಇಲ್ಲ. ಮೂರು ವರ್ಷದ ಮೇಲೆ ಘಟಕ ನಡೆಯುತ್ತಿದೆಯೇ ಅಂತ ಬಂದು ನೋಡಿ, ಆಮೇಲೆ ಸಾಲಕ್ಕೆ ಜಮಾ ಮಾಡುತ್ತಾರೆ. ಸಾಮಾನ್ಯ ವರ್ಗದ ಗಂಡಸಾದರೆ ಹಳ್ಳಿಯಲ್ಲಿ ಶೇ. 25, ಸ್ವಂತ ಪಾಲು ಶೇ. 10. ಐಆರ್‌ಡಿಪಿ ಕಾಲದಿಂದ ಕಲಿತ ಪಾಠವೇ ಈ ಮೂರು ವರ್ಷದ ಬೀಗ ಅಂತ ನಾನು ಅಂದುಕೊಂಡಿದ್ದೇನೆ.

ಹಾಗಾದರೆ ಘಟಕಗಳು ಮುಚ್ಚುವುದು ಏಕೆ? ನಾನು ಕಂಡ ಮಟ್ಟಿಗೆ ಯಂತ್ರ ಕೆಟ್ಟು ಮುಚ್ಚಿದ್ದು ಕಡಿಮೆ. ಸರಕು ಕೊಳ್ಳಲು ದುಡ್ಡಿಲ್ಲದೆ ಮುಚ್ಚಿದ್ದೇ ಜಾಸ್ತಿ. ಪ್ರಾಜೆಕ್ಟ್ ರಿಪೋರ್ಟ್ ಬರೆಯುವವರು ಪೂರ್ತಿ ಮೊತ್ತವನ್ನು ಯಂತ್ರದ ಕೊಟೇಶನ್‌ಗೇ ಹಾಕುತ್ತಾರೆ. ಯಂತ್ರ ಮಾರುವವನೇ ಎಷ್ಟೋ ಸಲ ರಿಪೋರ್ಟ್ ಬರೆಸುತ್ತಾನೆ. ದುಡಿಯುವ ಬಂಡವಾಳಕ್ಕೆ, ಅಂದರೆ ಸರಕು ಕೊಂಡು ಘಟಕ ನಡೆಸುವ ದುಡ್ಡಿಗೆ, ಏನೂ ಉಳಿಯುವುದಿಲ್ಲ. ಸುಗ್ಗಿಯಲ್ಲಿ ಕಾಳು ಅಗ್ಗ ಇದ್ದಾಗ ಕೊಳ್ಳಲು ಕೈಯಲ್ಲಿ ಕಾಸಿಲ್ಲ. ಆಮೇಲೆ ದುಬಾರಿಗೆ ಕೊಂಡು, ಅಂಗಡಿಯವನಿಗೆ ಉದ್ರಿ ಕೊಟ್ಟು, ಕಂತು ತಪ್ಪುತ್ತದೆ.

ಸಂಘದ_ಪುಸ್ತಕ:
ಸರ್ ಹೇಳಿದ್ದು ನೂರಕ್ಕೆ ನೂರು ನಿಜ. ನಾನು ನಮ್ಮ ಪಂಚಾಯಿತಿ ಒಕ್ಕೂಟದಲ್ಲಿ ಎಂಬಿಕೆ, ಅಂದರೆ ಸಂಘಗಳ ಲೆಕ್ಕ ಬರೆಯುವವಳು. ನಮ್ಮ ಹೆಂಗಸರು ಯಂತ್ರದ ಸಾಲಕ್ಕೆ ಹೆದರುವುದಿಲ್ಲ. ಸರಕಿನ ದುಡ್ಡಿಗೆ ಮತ್ತೆ ಕೈಸಾಲ ಮಾಡಬೇಕಲ್ಲ, ಅದಕ್ಕೆ ಹೆದರುತ್ತಾರೆ. ಕೈಸಾಲದ ಬಡ್ಡಿ ಎಷ್ಟು ಅಂತ ಹಳ್ಳಿಯವರಿಗೆ ಹೇಳಬೇಕಿಲ್ಲ.

ಪಿಎಂಎಫ್‌ಎಂಇಯಲ್ಲೇ ಇದಕ್ಕೊಂದು ದಾರಿ ಇದೆ, ಬಹಳ ಜನಕ್ಕೆ ಗೊತ್ತಿಲ್ಲ. ಬೀಜ ಬಂಡವಾಳ ಅಂತಾರೆ. ಆಹಾರ ತಯಾರಿಸುವ ಸಂಘದ ಸದಸ್ಯೆಗೆ ತಲಾ 40 ಸಾವಿರ ರೂಪಾಯಿ, ಒಂದು ಸಂಘದಲ್ಲಿ ಹೆಚ್ಚೆಂದರೆ 10 ಜನಕ್ಕೆ. ಸರಕು ಕೊಳ್ಳಲು, ಸಣ್ಣಪುಟ್ಟ ಸಲಕರಣೆ ತರಲು ಬಳಸಬಹುದು. ದುಡ್ಡು ಒಕ್ಕೂಟದ ಮೂಲಕ ಸಾಲವಾಗಿ ಬರುತ್ತದೆ. ಸದಸ್ಯೆ ವಾಪಸ್ ಕಟ್ಟಿದರೆ ಅದೇ ದುಡ್ಡು ಇನ್ನೊಬ್ಬಳಿಗೆ ಹೋಗುತ್ತದೆ. ನಮ್ಮಲ್ಲಿ ಚಕ್ಕುಲಿ, ಹಪ್ಪಳ ಮಾಡುವವರು ಇದನ್ನು ತೆಗೆದುಕೊಂಡು ಸುಗ್ಗಿಯಲ್ಲೇ ಅಕ್ಕಿ, ಉದ್ದು ಹಾಕಿಸಿಕೊಂಡರು. ದೊಡ್ಡ ಯಂತ್ರ ಒಂದೂ ಇಲ್ಲ. ವ್ಯಾಪಾರ ನಡೆಯುತ್ತಿದೆ.

ತೆರಿಗೆ ಕಟ್ಟುವ ಅಣ್ಣನಿಗೆ ಒಂದು ಮಾತು. ನಮ್ಮ ಸಂಘಗಳಲ್ಲಿ ಸಾಲ ಮುಳುಗುವುದು ಅಪರೂಪ. ವಾರ ವಾರ ಕೂತು ಪುಸ್ತಕ ತೆಗೆದು ಎಲ್ಲರ ಮುಂದೆ ಓದುತ್ತೇವೆ. ಯಾರ ಮನೆಯಲ್ಲಿ ಏನು ಕಷ್ಟ ಅಂತ ಎಲ್ಲರಿಗೂ ಗೊತ್ತಿರುತ್ತದೆ. ಸರ್ಕಾರದ ದುಡ್ಡು ಪುಕ್ಕಟೆ ಅಂತ ನಾವು ಯಾರೂ ತಿಳಿದಿಲ್ಲ.

ತೆರಿಗೆ_ಕಟ್ಟೋನು:
ಅಕ್ಕ, ನೀವು ಹೇಳುವ ತಿರುಗುವ ದುಡ್ಡಿಗೆ ನನ್ನ ವಿರೋಧ ಇಲ್ಲ. ವಾಪಸ್ ಬರುವ ದುಡ್ಡು ಅದು. ನನ್ನ ತಕರಾರು ಯಂತ್ರಕ್ಕೆ ಕೊಡುವ ಸಬ್ಸಿಡಿ ಬಗ್ಗೆ. ಶೇ. 50 ಸಬ್ಸಿಡಿ ಇದೆ ಅಂತ ಗೊತ್ತಾದ ತಕ್ಷಣ ಯಂತ್ರದವನು ಬೆಲೆ ಏರಿಸುತ್ತಾನೆ. ಆ ಲಾಭ ಹಳ್ಳಿಯಲ್ಲಿ ಉಳಿಯುವುದೇ ಇಲ್ಲ. ಕೃಷಿ ಮೂಲಸೌಕರ್ಯ ನಿಧಿ ನೋಡಿ, 2020ರದ್ದು. ಅದರಲ್ಲಿ ಬಂಡವಾಳ ಸಬ್ಸಿಡಿ ಇಲ್ಲ. 2 ಕೋಟಿವರೆಗಿನ ಸಾಲಕ್ಕೆ ಶೇ. 3ರಷ್ಟು ಬಡ್ಡಿ ರಿಯಾಯಿತಿ, ಏಳು ವರ್ಷದವರೆಗೆ. ಜೊತೆಗೆ ಸಾಲಕ್ಕೆ ಗ್ಯಾರಂಟಿ. ಗೋದಾಮು ಕಟ್ಟುವವನು ಲೆಕ್ಕ ಹಾಕಿಯೇ ಕಟ್ಟುತ್ತಾನೆ.

ಗಾಣದ_ಎಣ್ಣೆ:
ಯಂತ್ರದ ಬೆಲೆ ಏರಿಸುವುದು ನಿಜ, ನಾನೇ ಕಂಡಿದ್ದೇನೆ. ಸಬ್ಸಿಡಿ ಹೆಸರು ಎತ್ತದೆ ಕೇಳಿದಾಗ ಒಂದು ರೇಟು, ಸಾಲದ ಕೊಟೇಶನ್ ಅಂದಾಗ ಇನ್ನೊಂದು ರೇಟು. ಆದರೆ 2 ಕೋಟಿ ಗೋದಾಮು ಕಟ್ಟುವವನಿಗೂ 8 ಲಕ್ಷದ ಗಾಣ ಹಾಕುವವನಿಗೂ ಒಂದೇ ಮಾನದಂಡ ಹಾಕಬೇಡಿ. ಅವನಿಗೆ ಜಮೀನು, ಆಸ್ತಿ, ಹಳೆಯ ವ್ಯವಹಾರ ಎಲ್ಲಾ ಇರುತ್ತದೆ. ನಾನು ಸಾಲ ಕೇಳಿದಾಗ ಸಣ್ಣ ಉದ್ಯಮದ 10 ಲಕ್ಷದವರೆಗಿನ ಸಾಲಕ್ಕೆ ಅಡಮಾನ ಕೇಳಬಾರದು ಅಂತ ರಿಸರ್ವ್ ಬ್ಯಾಂಕ್ ನಿಯಮವೇ ಇತ್ತು. ಆದರೂ ನಾನು ಹೋದ ಮೊದಲ ಬ್ಯಾಂಕಿನಲ್ಲಿ ಪಹಣಿ ತಂದಿಡಿ ಅಂದರು. ಬಡವನಿಗೆ ಬಡ್ಡಿ ರಿಯಾಯಿತಿಗಿಂತ ಮೊದಲು ಬಾಗಿಲು ತೆರೆಯಬೇಕು. ಸಬ್ಸಿಡಿ ಇದೆ ಅಂದಾಗ ಆ ಬಾಗಿಲು ಸ್ವಲ್ಪ ತೆರೆಯುತ್ತದೆ.

ಪಂಚಾಯ್ತಿ_ಮೆಂಬರ್:
ಇಷ್ಟು ಹೊತ್ತು ಓದುತ್ತಿದ್ದೆ. ಚರ್ಚೆ ಶುರು ಮಾಡಿದ ತಮ್ಮ ಸಾಮಾನ್ಯ ಸೌಲಭ್ಯ ಅಂತ ಹೇಳಿದ್ದಾನೆ. ಅದರ ಕಷ್ಟ ಪಂಚಾಯಿತಿಯಲ್ಲಿ ಕೂತವರಿಗೆ ಗೊತ್ತು.

ಕಟ್ಟಲು ದುಡ್ಡು ಸಿಗುತ್ತದೆ. ಕೃಷಿ, ಗ್ರಾಮೀಣಾಭಿವೃದ್ಧಿ ಬ್ಯಾಂಕ್ ನಬಾರ್ಡ್‌ನಲ್ಲಿ ಆರ್‌ಐಡಿಎಫ್ ಅನ್ನುವ ಗ್ರಾಮೀಣ ಮೂಲಸೌಕರ್ಯ ನಿಧಿ 1995-96ರಿಂದ ಇದೆ. ಬ್ಯಾಂಕುಗಳು ಕೃಷಿ, ಸಣ್ಣ ಉದ್ಯಮದಂಥ ಆದ್ಯತಾ ವಲಯಕ್ಕೆ ಕೊಡಬೇಕಾದಷ್ಟು ಸಾಲ ಕೊಡದೆ ಉಳಿದ ಕೊರತೆಯ ಹಣ ಅಲ್ಲಿಗೆ ಹೋಗುತ್ತದೆ. ರಾಜ್ಯ ಸರ್ಕಾರ ಅದನ್ನು ಸಾಲವಾಗಿ ತಂದು ರಸ್ತೆ, ಸೇತುವೆ, ಶಾಲಾ ಕೊಠಡಿ ಕಟ್ಟಿಸುತ್ತದೆ. ಪಂಚಾಯಿತಿಗೆ ಬರುವ ಕೇಂದ್ರ ಹಣಕಾಸು ಆಯೋಗದ ಅನುದಾನ ಬೇರೆ. 15ನೇ ಆಯೋಗದಲ್ಲಿ ಶೇ. 60 ಭಾಗ ನೀರು, ನೈರ್ಮಲ್ಯಕ್ಕೇ ಕಟ್ಟಿಹಾಕಿದ್ದರು. ಉಳಿದ ಶೇ. 40ರಲ್ಲಿ ಊರಿನ ಉಳಿದೆಲ್ಲಾ ಕೆಲಸ, ಸಂಬಳಕ್ಕೆ ಬಳಸುವಂತಿರಲಿಲ್ಲ.

ಕಟ್ಟಿದ ಮೇಲೆ ಏನಾಗುತ್ತದೆ ಅಂದರೆ, ನಿಮ್ಮೂರಿನ ಶುದ್ಧ ಕುಡಿಯುವ ನೀರಿನ ಘಟಕ ನೋಡಿ. ನಾಣ್ಯ ಹಾಕಿದರೆ 20 ಲೀಟರ್ ನೀರು. ಎಷ್ಟು ಊರಲ್ಲಿ ಅದು ಬಾಗಿಲು ಹಾಕಿಲ್ಲ ಹೇಳಿ? ಫಿಲ್ಟರ್ ಬದಲಿಸಬೇಕು, ಕರೆಂಟ್ ಬಿಲ್ ಕಟ್ಟಬೇಕು, ನೋಡಿಕೊಳ್ಳುವವನಿಗೆ ಸಂಬಳ ಕೊಡಬೇಕು. ಬಂದ ನಾಣ್ಯಗಳು ಅದಕ್ಕೆ ಸಾಕಾಗುವುದಿಲ್ಲ. ಉದ್ಘಾಟನೆಗೆ ಬಂದವರು ಫಿಲ್ಟರ್ ಕೇಳಿದಾಗ ಸಿಗುವುದಿಲ್ಲ. ನೀವು ಕಟ್ಟುವ ಸಾಮಾನ್ಯ ಘಟಕಕ್ಕೂ ಇದೇ ಗತಿ ಬರಬಾರದು ಅಂದರೆ, ಮೊದಲು ಕರೆಂಟ್ ಬಿಲ್ ಯಾರ ಹೆಸರಲ್ಲಿ ಅಂತ ಹೇಳಿ.

ಬಯಲುಸೀಮೆ_ಹುಡುಗ:
ಮೆಂಬರ್ ಅಣ್ಣ, ಪ್ರಶ್ನೆ ಸರಿಯಾಗಿದೆ. ಆದರೆ ನಡೆಯುತ್ತಿರುವ ಸಾಮಾನ್ಯ ಸೌಲಭ್ಯಗಳೂ ಇವೆಯಲ್ಲ. ಹಾಲಿನ ಡೇರಿಯ ಶೀತಲ ಘಟಕ ನೋಡಿ. ಯಾರೊಬ್ಬರದೂ ಅಲ್ಲ, ಆದರೂ ಎರಡು ಹೊತ್ತೂ ಓಡುತ್ತದೆ. ಕಾರಣ, ಪ್ರತಿ ಲೀಟರ್ ಹಾಲಿನ ವ್ಯಾಪಾರದಲ್ಲಿ ಸಂಘಕ್ಕೂ ಒಂದು ಪಾಲು ಇದೆ. ಖರ್ಚು ಅಲ್ಲೇ ಹುಟ್ಟುತ್ತದೆ. ಕೃಷಿ ಯಂತ್ರಧಾರೆ ಕೇಂದ್ರಗಳೂ ಹೋಬಳಿಗಳಲ್ಲಿ ಹೀಗೇ ಬಾಡಿಗೆ ಮೇಲೆ ನಡೆದಿವೆ. ಟ್ರ್ಯಾಕ್ಟರ್ ಯಾರ ಜವಾಬ್ದಾರಿ ಅಂತ ಅಲ್ಲಿ ಮೊದಲೇ ತೀರ್ಮಾನ ಆಗಿರುತ್ತದೆ. ಹಾಗಾಗಿ ನನ್ನ ವಾದ ಬಿಡುವುದಿಲ್ಲ. ಸಾಮಾನ್ಯ ಘಟಕ ಬೇಕು, ಆದರೆ ಪಂಚಾಯಿತಿ ಕೈಯಲ್ಲಿ ಬೇಡ, ಬಳಸುವವರ ಸಂಘದ ಕೈಯಲ್ಲಿ ಇರಲಿ.

ಹಳೇ_ಮ್ಯಾನೇಜರ್:
ತಮ್ಮಾ, ಡೇರಿಗೆ ಹಾಲು ವರ್ಷವಿಡೀ ಬರುತ್ತದೆ. ಕೊಳ್ಳುವ ಒಕ್ಕೂಟ ಸಿದ್ಧ ಇದೆ. ಖಾರದ ಪುಡಿಗೆ ಅಂಥ ಕೊಳ್ಳುವವರು ಯಾರು? ಹಾಗಾಗಿ ಯಾವುದು ಸಾಮಾನ್ಯವಾಗಿರಬೇಕು, ಯಾವುದು ಸ್ವಂತದ್ದಾಗಿರಬೇಕು ಅಂತ ಕೆಲಸ ಬಿಡಿಸಿ ನೋಡಬೇಕು. ಒಣಗಿಸುವುದು, ಕ್ಲೀನ್ ಮಾಡುವುದು, ದಾಸ್ತಾನು, ತೇವಾಂಶ ಪರೀಕ್ಷೆ, ಪ್ಯಾಕಿಂಗ್, ಇವಕ್ಕೆ ದೊಡ್ಡ ಯಂತ್ರ ಬೇಕು. ಒಬ್ಬರ ಕೈಯಲ್ಲಿ ಆಗುವುದಿಲ್ಲ, ಒಬ್ಬರ ಸರಕಿನ ಗುಣ ಇನ್ನೊಬ್ಬರಿಗೆ ಅಂಟುವುದೂ ಕಡಿಮೆ. ಇವು ಸಾಮಾನ್ಯ ಇರಲಿ. ಅರೆಯುವುದು, ಹುರಿಯುವುದು, ರುಚಿ ನಿರ್ಧಾರ ಆಗುವ ಕೆಲಸ. ಅದು ಮಾಲೀಕನ ಮನೆಯಲ್ಲೇ ಇರಲಿ. ಗಾಣದವರ ಹರಳೆಣ್ಣೆ ಸಮಸ್ಯೆ ಆಗ ಬರುವುದಿಲ್ಲ.

ಸಾಲ ಕೇಳುವವರಿಗೆ ಇನ್ನೊಂದು ಮಾತು. ಪಿಎಂಇಜಿಪಿ ಯೋಜನಾ ವೆಚ್ಚದಲ್ಲಿ ದುಡಿಯುವ ಬಂಡವಾಳವನ್ನೂ ಸೇರಿಸಬಹುದು. ಜಮೀನಿನ ಬೆಲೆ ಸೇರಿಸುವಂತಿಲ್ಲ. ರಿಪೋರ್ಟ್‌ನಲ್ಲಿ ಸರಕಿನ ಕಾಲಂ ಖಾಲಿ ಬಿಡಬೇಡಿ. ಉತ್ಪಾದನಾ ಘಟಕಕ್ಕೆ ಮಿತಿ 50 ಲಕ್ಷ ಅಂತ ಆಸೆಪಟ್ಟು ದೊಡ್ಡ ಯಂತ್ರ ಬರೆಸಬೇಡಿ. ಸಣ್ಣದಾಗಿ ಶುರು ಮಾಡಿ ಮೊದಲ ಸಾಲ ಸರಿಯಾಗಿ ತೀರಿಸಿದರೆ ವಿಸ್ತರಣೆಗೆ ಎರಡನೇ ಸಾಲಕ್ಕೂ ಅವಕಾಶ ಇದೆ. ಪಿಎಂಎಫ್‌ಎಂಇ ಅರ್ಜಿಗೆ ಜಿಲ್ಲಾ ಸಂಪನ್ಮೂಲ ವ್ಯಕ್ತಿ ಇರುತ್ತಾರೆ. ಅವರಿಗೆ ಸಂಭಾವನೆ ಸರ್ಕಾರವೇ ಕೊಡುತ್ತದೆ. ರಿಪೋರ್ಟ್ ಬರೆಯಲು ದುಡ್ಡು ಕೇಳಿದರೆ ಕೊಡಬೇಡಿ.

ಸಂಘದ_ಪುಸ್ತಕ:
ಸರ್ ಹಾಗೆ ಬಿಡಿಸಿ ಹೇಳಿದ್ದು ನಮ್ಮ ಒಕ್ಕೂಟಕ್ಕೆ ಉಪಯೋಗ ಆಯಿತು. ಕರೆಂಟ್ ಬಿಲ್ ಯಾರ ಹೆಸರಲ್ಲಿ ಅಂತ ಮೆಂಬರ್ ಕೇಳಿದರಲ್ಲ. ಒಕ್ಕೂಟದ ಹೆಸರಲ್ಲಿ ಇರಲಿ. ಒಣಗಿಸಲು, ಪ್ಯಾಕ್ ಮಾಡಲು ಕಿಲೋಗೆ ಇಷ್ಟು ಅಂತ ದರ. ಸದಸ್ಯರಿಗೆ ಕಡಿಮೆ, ಹೊರಗಿನವರಿಗೆ ಸ್ವಲ್ಪ ಜಾಸ್ತಿ. ಬಂದ ದುಡ್ಡಲ್ಲಿ ಒಂದು ಪಾಲು ರಿಪೇರಿಗೆ ಬೇರೆ ಖಾತೆ. ಬೀಗದ ಕೈ ಇಟ್ಟುಕೊಳ್ಳುವವಳಿಗೆ ಸಂಬಳ ಕೊಡಲೇಬೇಕು. ಹೆಂಗಸರು ಅಂದರೆ ಸೇವೆ ಅಂತ ಪುಕ್ಕಟೆ ಮಾಡಿಸುವುದು ನನಗೆ ಒಪ್ಪಿಗೆ ಇಲ್ಲ.

ಗಾಣದ_ಎಣ್ಣೆ:
ದರ ಇಡಿ ಅಕ್ಕ, ಕೊಡುತ್ತೇನೆ. ಶೇಂಗಾ ಒಣಗಿಸಲು, ದಾಸ್ತಾನಿಗೆ ನನಗೂ ಜಾಗ ಬೇಕು. ಮಳೆಯಲ್ಲಿ ನೆನೆದ ಕಾಯಿಗೆ ಬೂಸ್ಟು ಹಿಡಿದರೆ ಎಣ್ಣೆ ಮಾರುವಂತಿಲ್ಲ. ಆದರೆ ಸುಗ್ಗಿ ಇಲ್ಲದ ತಿಂಗಳಲ್ಲಿ ಸಂಬಳ, ಬಿಲ್ಲು ಎಲ್ಲಿಂದ ಬರುತ್ತದೆ? ಅದು ನನ್ನ ಮುಖ್ಯ ಅನುಮಾನ.

ಸಂಘದ_ಪುಸ್ತಕ:
ಅದಕ್ಕೇ ಒಂದೇ ಬೆಳೆ ನಂಬಬಾರದು. ಶೇಂಗಾ ಮುಗಿದ ಮೇಲೆ ಮೆಣಸಿನಕಾಯಿ, ಆಮೇಲೆ ಹುಣಸೆ, ಬೇಸಿಗೆಯಲ್ಲಿ ಹಪ್ಪಳ ಸಂಡಿಗೆ. ಆದರೂ ಮಳೆಗಾಲದ ಎರಡು ತಿಂಗಳು ಕೊರತೆ ಬರುತ್ತದೆ, ಸುಳ್ಳು ಹೇಳುವುದಿಲ್ಲ.

ಪಂಚಾಯ್ತಿ_ಮೆಂಬರ್:
ಆ ಕೊರತೆಯನ್ನು ಪಂಚಾಯಿತಿಯ ಸ್ವಂತ ಆದಾಯದಿಂದ ಮೊದಲ ಎರಡು ವರ್ಷ ತುಂಬಲು ನಾನು ಪ್ರಯತ್ನ ಮಾಡಬಹುದು. ಮನೆ ಕಂದಾಯ ಸರಿಯಾಗಿ ವಸೂಲಾದರೆ ಮಾತ್ರ. ಗ್ರಾಮಸಭೆಯಲ್ಲಿ ಬರಹದಲ್ಲಿ ಕೊಡಿ, ನಡಾವಳಿಯಲ್ಲಿ ಬರೆಸುತ್ತೇನೆ. ಬಾಯಿಮಾತಲ್ಲಿ ಹೇಳಿದರೆ ಪಿಡಿಒ ವರ್ಗ ಆದ ದಿನ ಎಲ್ಲಾ ಮರೆತುಹೋಗುತ್ತದೆ.

ತೆರಿಗೆ_ಕಟ್ಟೋನು:
ಎರಡು ವರ್ಷ ಅಂತ ಗಡುವು ಬರೆಯಿರಿ, ಪ್ರತಿ ವರ್ಷ ಲೆಕ್ಕ ಗ್ರಾಮಸಭೆಯಲ್ಲಿ ಓದಿ. ಹಾಗಿದ್ದರೆ ನನ್ನ ವಿರೋಧ ಇಲ್ಲ. ಯಂತ್ರದ ಸಬ್ಸಿಡಿ ಬಗ್ಗೆ ಮಾತ್ರ ನನ್ನ ಅಭಿಪ್ರಾಯ ಹಾಗೇ ಇದೆ.

ಬಯಲುಸೀಮೆ_ಹುಡುಗ:
ಅಕ್ಕ, ಕಿಲೋ ದರದ ಲೆಕ್ಕ ನಾವಿಬ್ಬರೂ ಕೂತು ಹಾಕೋಣ. ಗಾಣದ ಅಣ್ಣ, ಸುಗ್ಗಿಯಲ್ಲಿ ನಿಮಗೆ ಎಷ್ಟು ಚೀಲಕ್ಕೆ ಜಾಗ ಬೇಕು, ಎಷ್ಟು ದಿನಕ್ಕೆ ಬೇಕು ಅಂತ ಇಲ್ಲೇ ಬರೆಯಿರಿ. ರೊಟ್ಟಿ, ಖಾರದ ಪುಡಿಯವರೂ ಬರೆಯಲಿ. ಬಳಸುವವರ ಪಟ್ಟಿ ಇಲ್ಲದೆ ಕಟ್ಟಡದ ಅಂದಾಜು ಮಾಡಿಸುವುದಿಲ್ಲ.