ಹೊಳೆಗೆ ಉಪ್ಪುನೀರಿನ ತಡೆ ಕಟ್ಟಿದರೆ ಮೀನು, ಮರುವಾಯಿಗಳ ಗತಿಯೇನು?

ಶಿರಿಯಾ ದಂಡೆ (ಪ್ರಶ್ನೆ):
ಕುಂಬಳೆಗೆ ಸಮೀಪ ಶಿರಿಯಾ ಹೊಳೆಯ ದಂಡೆಯಲ್ಲಿ ನಮ್ಮ ತೋಟವಿದೆ. ಬೇಸಗೆಯಲ್ಲಿ ಭರತದ (ಸಮುದ್ರದ ಉಬ್ಬರದ) ಹೊತ್ತಿಗೆ ಉಪ್ಪುನೀರು ಮೇಲಕ್ಕೇರುತ್ತದೆ. ತೆಂಗು ಹೇಗೋ ತಾಳಿಕೊಳ್ಳುತ್ತದೆ, ಅಡಿಕೆಯ ಸೋಗೆ ತುದಿಯಿಂದಲೇ ಕರಟುತ್ತದೆ. ಕಿಂಡಿಗಳಿಗೆ ಹಲಗೆ ಇಳಿಸಿ ನೀರು ತಡೆಯುವ ಶಾಶ್ವತ ಕಿಂಡಿ ಅಣೆಕಟ್ಟು ಬೇಕೆಂದು ನೆರೆಕರೆಯವರು ಮನವಿ ಸಿದ್ಧಪಡಿಸುತ್ತಿದ್ದಾರೆ. ಅಳಿವೆಯ ಬದಿಯಲ್ಲಿ ಮರುವಾಯಿ (ತಿನ್ನುವ ಚಿಪ್ಪುಜೀವಿ) ಹೆಕ್ಕಿ ಬದುಕುವವರು ಇದನ್ನು ಒಪ್ಪುವುದಿಲ್ಲ. ಅವರ ಆತಂಕಕ್ಕೆ ಆಧಾರವಿದೆಯೇ? ಇನ್ನೊಂದು ಸಂಶಯ: ಹೊಳೆಯ ನೀರನ್ನು ಬೊಗಸೆಯಲ್ಲಿ ತೆಗೆದು ಬಾಯಿಗಿಟ್ಟರೆ ಸಪ್ಪೆ, ಅಲ್ಲೇ ಇರುವ ಪಂಪಿನಿಂದ ಬರುವ ನೀರು ಉಪ್ಪು. ಇದು ಹೇಗೆ?

ಅಳಿವೆಬಾಗಿಲು:
ಎರಡನೆಯ ಸಂಶಯದಿಂದಲೇ ಆರಂಭಿಸುತ್ತೇನೆ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣವಿರುವುದರಿಂದ ಅದು ಸಿಹಿನೀರಿಗಿಂತ ಭಾರ. ಭರತದಲ್ಲಿ ಅದು ಹೊಳೆಯ ತಳವನ್ನು ಹಿಡಿದು ಆಪಿನಂತೆ (ಬೆಣೆಯಂತೆ) ಒಳನುಗ್ಗುತ್ತದೆ, ಸಿಹಿನೀರು ಅದರ ಮೇಲೆ ತೇಲುತ್ತದೆ. ನಿಮ್ಮ ಪಂಪು ನೀರು ಹೀರುವ ಫುಟ್‌ವಾಲ್ವ್ ಇರುವುದು ತಳದಲ್ಲಿ. ಹೊಯಿಗೆ (ಮರಳು) ತೆಗೆದು ಹೊಳೆಯ ಪಾತ್ರ ಆಳವಾದಷ್ಟೂ ಉಪ್ಪು ಹೆಚ್ಚು ದೂರ ಬರುತ್ತದೆ. ಈ ಮಾತು ನಿಮ್ಮ ಮನವಿಯಲ್ಲಿ ಮೊದಲಿಗೇ ಬರಬೇಕಿತ್ತು ಎಂಬುದು ನನ್ನ ಅಭಿಪ್ರಾಯ.

ಮರುವಾಯಿಯವರ ಆತಂಕಕ್ಕೆ ಖಂಡಿತ ಆಧಾರವಿದೆ. ಕೇರಳದ ದಕ್ಷಿಣ ಭಾಗದ ಕುಟ್ಟನಾಡಿನ ಗದ್ದೆಗಳನ್ನು ಉಪ್ಪಿನಿಂದ ಕಾಪಾಡಲು ವೆಂಬನಾಡು ಹಿನ್ನೀರಿಗೆ ಕಟ್ಟಿದ ತಣ್ಣೀರ್ಮುಕ್ಕಂ ತಡೆಯನ್ನು 1976ರಿಂದ ಬೇಸಗೆಯಲ್ಲಿ ಮುಚ್ಚುತ್ತಾ ಬಂದಿದ್ದಾರೆ. ಅಲ್ಲಿನ ಕಪ್ಪು ಮರುವಾಯಿಗೆ ಸಂತಾನೋತ್ಪತ್ತಿಯಾಗಲು ನೀರಿನಲ್ಲಿ ಸ್ವಲ್ಪ ಉಪ್ಪು ಬೇಕು. ಸಿಹಿನೀರಿನಲ್ಲಿ ಬೆಳೆಯುವ ದೊಡ್ಡ ಸಿಗಡಿಯೂ ಮರಿ ಮಾಡಲು ಸವಳು ನೀರಿಗೆ ಇಳಿಯುತ್ತದೆ, ಆ ಮರಿಗಳು ಮತ್ತೆ ಮೇಲಕ್ಕೆ ಹತ್ತಬೇಕಾದಾಗ ದಾರಿಗೆ ಗೇಟು ಅಡ್ಡ ಬರುತ್ತದೆ. ವರ್ಷಕ್ಕೊಮ್ಮೆ ಉಪ್ಪು ತಗಲಿ ಸಾಯುತ್ತಿದ್ದ ಅಂತರಗಂಗೆ ಈಗ ಅಲ್ಲಿ ಹಬ್ಬಿ ದೋಣಿ ಸಾಗದಂತೆ ಮಾಡುತ್ತದೆ. ಸಮುದ್ರದಲ್ಲಿ ಹುಟ್ಟಿ ಹೊಳೆಗೆ ಬರುವ ಹಾವುಮೀನಿನ ಮರಿಗೂ ಇಂತಹ ತಡೆಯಿಂದ ತೊಂದರೆಯೇ.

ಏತಡ್ಕದ ಕಡೆಯವನು:
ಮೇಲಿನವರು ಹೇಳಿದ್ದು ಸರಿ, ಆದರೆ ಕುಡಿಯುವ ನೀರಿನ ಪ್ರಶ್ನೆಯನ್ನು ಬದಿಗಿಡುವಂತಿಲ್ಲ. ಕಾಸರಗೋಡು ಪೇಟೆಗೆ ಪಯಸ್ವಿನಿ ಹೊಳೆಯ ನೀರು ಬರುವ ಬಾವಿಕ್ಕೆರೆಯಲ್ಲಿ, ಶಾಶ್ವತ ಕಟ್ಟಡ ಆಗುವ ಮೊದಲು, ಬೇಸಗೆಯ ತಾತ್ಕಾಲಿಕ ತಡೆ ಕೈಕೊಟ್ಟರೆ ನಳ್ಳಿಯಲ್ಲಿ ಉಪ್ಪುನೀರೇ ಬರುತ್ತಿತ್ತು.

ನಮ್ಮಲ್ಲಿ ತೋಡಿಗೆ ಕಲ್ಲು, ಮಣ್ಣು ಹಾಕಿ ಕಟ್ಟ ಕಟ್ಟುತ್ತೇವೆ. ಹರಿವು ಕ್ಷೀಣಿಸಿದ ಮೇಲೆ ಕಟ್ಟಿದ್ದು ಮುಂಗಾರಿನ ದೊಡ್ಡ ನೀರು ಬಂದಾಗ ಕೊಚ್ಚಿಹೋಗುತ್ತದೆ, ಇಲ್ಲವೇ ನಾವೇ ಬಿಡಿಸುತ್ತೇವೆ. ಹೀಗಾಗಿ ಮೊದಲ ಮಳೆಗೆ ಮೊಟ್ಟೆಯಿಡಲು ಮೇಲೇರುವ ಉಬರ್ ಮೀನಿಗೆ ದಾರಿ ತೆರೆದೇ ಇರುತ್ತದೆ. ಕಾಂಕ್ರೀಟಿನ ಅಣೆಕಟ್ಟಿನಲ್ಲಿ ಹಲಗೆ ತೆಗೆಯುವ ಹೊಣೆ ಯಾರದೆಂದು ಮೊದಲೇ ತೀರ್ಮಾನವಾಗದಿದ್ದರೆ ಜೂನ್ ಕಳೆದರೂ ಅವು ಅಲ್ಲೇ ಉಳಿಯುತ್ತವೆ.

ಶಿರಿಯಾ ದಂಡೆ:
ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ಬೇಸಗೆಯಲ್ಲೂ ಆಗಾಗ ಒಂದೆರಡು ಹಲಗೆ ತೆಗೆದು ನೀರು ಬಿಟ್ಟರೆ ಸಾಕಾಗುವುದೇ?

ಅಳಿವೆಬಾಗಿಲು:
ಮೇಲಿನ ಹಲಗೆ ತೆಗೆದರೆ ಪ್ರಯೋಜನಕ್ಕಿಂತ ನಷ್ಟವೇ ಹೆಚ್ಚು: ಹೊರಹೋಗುವುದು ಮೇಲ್ಪದರದ ಸಿಹಿನೀರು, ಸೋರಿ ಒಳಬಂದ ಉಪ್ಪು ತಳದಲ್ಲೇ ಉಳಿಯುತ್ತದೆ. ಎರಡು ಸಾಲು ಹಲಗೆಯ ನಡುವೆ ಮಣ್ಣು ತುಂಬಿದ ಕಿಂಡಿಯಲ್ಲಿ, ನೀರು ತುಂಬಿರುವಾಗ ತಳದ ಹಲಗೆಯನ್ನಷ್ಟೇ ಎಳೆಯಲಾಗದು. ಆದುದರಿಂದ ಹಲಗೆಯ ಬದಲು ತಳದಿಂದ ಮೇಲಕ್ಕೆತ್ತುವ ಗೇಟು ಕೆಲವು ಕಿಂಡಿಗಳಲ್ಲಾದರೂ ಇರಲೆಂದು ಕೇಳಿ. ಅದನ್ನು ಇಳಿತದ ಹೊತ್ತಿನಲ್ಲಿ, ಕೆಳಗಿನ ನೀರಿನ ಮಟ್ಟ ಒಳಗಿನದಕ್ಕಿಂತ ತಗ್ಗಿರುವಾಗ ಮಾತ್ರ ತೆರೆಯಬೇಕು. ಯಾವ ತಿಂಗಳಲ್ಲಿ ಎಷ್ಟು ಹೊತ್ತು ಎಂಬುದನ್ನು ಮರುವಾಯಿಯವರನ್ನು ಕೂರಿಸಿಕೊಂಡೇ ಬರೆಯಿರಿ. ಮರಿ ಕಾಣಿಸುವ ಕಾಲ ಅವರಿಗೆ ತಿಳಿದಿರುತ್ತದೆ.