ಚೆಸ್‌ನಲ್ಲಿ ಕಪ್ಪಿನ ಡಿಫೆನ್ಸನ್ನು (ರಕ್ಷಣೆಯ ವ್ಯೂಹವನ್ನು) ಬಿಳಿಯಲ್ಲಿ ಆಡುವಾಗ ಸಿಗುವ ಹೆಚ್ಚಿನ ನಡೆಯಿಂದ ಪ್ರಯೋಜನವೆಷ್ಟು?

ಪ್ರಶ್ನೆ (ಮಂಡ್ಯ)

ಎಲ್ಲರಿಗೂ ನಮಸ್ಕಾರ. ಮಂಡ್ಯ, ಮೈಸೂರುಗಳಲ್ಲಿ ಭಾನುವಾರ ನಡೆಯುವ ರ‍್ಯಾಪಿಡ್ ಪಂದ್ಯಾವಳಿಗಳಲ್ಲಿ ಆಡುತ್ತೇನೆ. ಕಪ್ಪು ಕಾಯಿ ಬಂದಾಗ, ಬಿಳಿಯವರ ಡಿ4ಕ್ಕೆ (ರಾಣಿಯ ಮುಂದಿನ ಕಾಲಾಳು ಎರಡು ಮನೆ ಮುಂದಕ್ಕೆ) ಉತ್ತರವಾಗಿ ಕಿಂಗ್ಸ್ ಇಂಡಿಯನ್ ಡಿಫೆನ್ಸ್ ಆಡುವುದು ರೂಢಿಯಾಗಿದೆ. ಕೆಲಸದ ನಡುವೆ ಬಿಳಿಗೆಂದು ಬೇರೆ ಓಪನಿಂಗ್ (ಆರಂಭದ ನಡೆಗಳ ಕ್ರಮ) ಕಲಿಯಲು ಹೊತ್ತು ಸಾಲದ ಕಾರಣ, ಬಿಳಿಯಲ್ಲೂ ಕುದುರೆ ಎಫ್3, ಜಿ3, ಒಂಟೆ ಜಿ2, ಕ್ಯಾಸಲಿಂಗ್ (ಒಂದೇ ನಡೆಯಲ್ಲಿ ರಾಜನನ್ನೂ ಆನೆಯನ್ನೂ ಸರಿಸುವುದು), ಡಿ3, ಇ4 ಎಂದು ಅದೇ ವ್ಯೂಹವನ್ನು ಕಟ್ಟುತ್ತಿದ್ದೇನೆ. ಲೆಕ್ಕಕ್ಕೆ ಒಂದು ನಡೆ ನನ್ನ ಕಡೆ ಹೆಚ್ಚಿರುತ್ತದೆ. ಹಾಗಿದ್ದೂ ಕಪ್ಪಿನಲ್ಲಿ ತಾನಾಗಿ ಒದಗುವ ದಾಳಿ ಬಿಳಿಯಲ್ಲಿ ಒದಗುವುದೇ ಇಲ್ಲ. ಆ ಹೆಚ್ಚಿನ ನಡೆ ಎಲ್ಲಿ ಹೋಗುತ್ತದೆ? ಇದೇ ಲೆಕ್ಕದಲ್ಲಿ ಡಚ್ ಡಿಫೆನ್ಸನ್ನು (ಡಿ4ಕ್ಕೆ ಕಪ್ಪಿನವರು ಎಫ್5 ಆಡುವುದು) ತಿರುಗಿಸಿ ಎಫ್4 ಆಡುವುದು ಒಳ್ಳೆಯದೇ?

ಉತ್ತರ 1 (ಮೈಸೂರು, ಮಕ್ಕಳಿಗೆ ಚೆಸ್ ಕಲಿಸುವವರು)

ಸರ್, ಆ ನಡೆ ಎಲ್ಲಿಯೂ ಹೋಗಿರುವುದಿಲ್ಲ. ಅದು ಮೊದಲು ಬದಲಿಸುವುದು ನಿಮ್ಮ ಎದುರಾಳಿಯ ಆಯ್ಕೆಗಳನ್ನು. ಕಿಂಗ್ಸ್ ಇಂಡಿಯನ್‌ನಲ್ಲಿ ಕಪ್ಪಿಗೆ ದಾಳಿ ಸಿಗುವುದು ಬಿಳಿಯವರು ಸಿ4, ಡಿ4, ಇ4 ಎಂದು ಮಧ್ಯವನ್ನೆಲ್ಲ ಆಕ್ರಮಿಸಿ, ಮುಂದೆ ಡಿ5 ಎಂದು ಅದನ್ನು ಮುಚ್ಚಿದಾಗ. ಆಗ ಇಬ್ಬರೂ ಬೇರೆ ಬೇರೆ ಬದಿಯಲ್ಲಿ ಮುನ್ನುಗ್ಗುತ್ತಾರೆ, ಎಫ್5ಕ್ಕೆ ಅರ್ಥ ಬರುತ್ತದೆ. ಬಣ್ಣ ತಿರುಗಿದಾಗ, ಒಂದು ನಡೆ ಹಿಂದಿರುವ ಕಪ್ಪಿನವನು ಅಷ್ಟು ಆಸೆಪಡಬೇಕಾಗಿಲ್ಲ. ಡಿ5, ಸಿ6, ಒಂಟೆ ಎಫ್5, ಇ6, ಎಚ್6 ಎಂದು ಗಟ್ಟಿಯಾಗಿ ಕುಳಿತರೆ ನಿಮ್ಮ ಇ4ರಿಂದ ಹೆಚ್ಚೇನೂ ಸಿಗುವುದಿಲ್ಲ. ಬಿಳಿಯವರು ಲಂಡನ್ (ಡಿ4, ಒಂಟೆ ಎಫ್4, ಇ3 ಎಂಬ ಗಟ್ಟಿ ವ್ಯೂಹ) ಆಡಿದಾಗ ನಿಮ್ಮ ಕಿಂಗ್ಸ್ ಇಂಡಿಯನ್ ಹೇಗೆ ಮಂಕಾಗುತ್ತದೆಯೋ ಇಲ್ಲಿಯೂ ಹಾಗೆಯೇ.

ಸಿಸಿಲಿಯನ್‌ನಲ್ಲಿ (ಇ4ಕ್ಕೆ ಕಪ್ಪಿನವರು ಸಿ5 ಆಡುವುದು) ಇದು ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಸಿ4, ಇ5, ಕುದುರೆ ಸಿ3, ಕುದುರೆ ಎಫ್6, ಕುದುರೆ ಎಫ್3, ಕುದುರೆ ಸಿ6, ಜಿ3, ಡಿ5, ಸಿ ಕಾಲಾಳು ಡಿ5ನ್ನು ಹೊಡೆದು, ಕುದುರೆ ಮರಳಿ ಹೊಡೆದು, ಒಂಟೆ ಜಿ2ಕ್ಕೆ ಬಂದರೆ ಅದು ಬಣ್ಣ ತಿರುಗಿದ ಡ್ರ್ಯಾಗನ್ (ಸಿಸಿಲಿಯನ್‌ನ ಒಂದು ಬಗೆ). ನಿಜವಾದ ಡ್ರ್ಯಾಗನ್‌ನಲ್ಲಿ ಬಿಳಿಯವರು ರಾಣಿಯ ಬದಿಗೆ ಕ್ಯಾಸಲ್ ಮಾಡಿ ಎಚ್ ಕಾಲಾಳನ್ನು ನುಗ್ಗಿಸಿ ದಾಳಿ ಮಾಡುತ್ತಾರೆ. ಇಲ್ಲಿ ಕಪ್ಪಿನವನು ಅದನ್ನೇ ಮಾಡಹೊರಟರೆ ಬಿಳಿಯ ದಾಳಿ ಮೊದಲು ತಲುಪುತ್ತದೆ. ಆದ್ದರಿಂದ ಅವನು ಕುದುರೆಯನ್ನು ಬಿ6ಕ್ಕೆ ಹಿಂತೆಗೆದು, ಒಂಟೆಯನ್ನು ಇ7ರಲ್ಲಿಟ್ಟು, ರಾಜನ ಬದಿಗೇ ಕ್ಯಾಸಲ್ ಮಾಡಿ, ಸಮಾಧಾನದಿಂದ ಆಡುತ್ತಾನೆ. ಬಿಳಿಯ ಸ್ಥಿತಿ ಚೆನ್ನಾಗಿಯೇ ಇರುತ್ತದೆ, ಆದರೆ ಡ್ರ್ಯಾಗನ್‌ನ ಅಬ್ಬರ ಇರುವುದಿಲ್ಲ. ಡಿಫೆನ್ಸ್ ಎಂಬುದು ಎದುರಾಳಿಯ ನಡೆಗೆ ಕೊಡುವ ಉತ್ತರ. ಅವನು ಆ ನಡೆಯನ್ನೇ ಆಡದಿರುವಾಗ ನಾವು ಉತ್ತರವನ್ನು ಮೊದಲೇ ಹರವಿಟ್ಟರೆ ನಮ್ಮ ಉದ್ದೇಶವನ್ನು ಅವನಿಗೆ ತಿಳಿಸಿದಂತಾಗುತ್ತದೆ.

ಉತ್ತರ 2 (ಮೈಸೂರು, ಕುವೆಂಪುನಗರ)

ಮೇಲಿನ ಮಾತನ್ನು ಒಪ್ಪುತ್ತೇನೆ, ಆದರೆ ಈ ವ್ಯೂಹವನ್ನೇ ಕೈಬಿಡುವ ಅಗತ್ಯ ಕಾಣುವುದಿಲ್ಲ. ಇ4ಕ್ಕೆ ಕಪ್ಪಿನವರು ಇ6 ಎಂದು ಫ್ರೆಂಚ್ ಆಡಿದಾಗ ಡಿ3, ಕುದುರೆ ಡಿ2 ಎಂದು ಇದನ್ನೇ ಕಟ್ಟಿ ನೋಡಿ. 1967ರಲ್ಲಿ ಟುನೀಷಿಯಾದ ಸೂಸ್‌ನಲ್ಲಿ ಅಮೆರಿಕದ ಬಾಬಿ ಫಿಷರ್ ಮಂಗೋಲಿಯಾದ ಮ್ಯಾಗ್ಮಾರ್‌ಸುರೆನ್ ವಿರುದ್ಧ ಆಡಿದ ಆಟವನ್ನು ಹಲಗೆಯ ಮೇಲೆ ಕಾಯಿ ಇಟ್ಟುಕೊಂಡೇ ನೋಡಬೇಕು. 8ನೆಯ ನಡೆಯ ಇ5, ಎಫ್6ರ ಕುದುರೆಯನ್ನು ಓಡಿಸಿ ಕಪ್ಪು ರಾಜನ ಕಾವಲನ್ನು ತೆಗೆಯುತ್ತದೆ. ಕಪ್ಪಿನ ಎ, ಬಿ ಕಾಲಾಳುಗಳು ಇಳಿದು ಬರುತ್ತಿರುವಾಗ ಫಿಷರ್ 13ನೆಯ ನಡೆಯಲ್ಲಿ ನಿಂತು ಎ3 ಆಡುತ್ತಾರೆ. ಇಂಥ ಓಟದ ನಡುವೆ ಒಂದು ನಡೆಯನ್ನು ತಡೆಗೆ ವ್ಯಯಿಸುವ ವ್ಯವಧಾನ ಕಪ್ಪಿನ ಕಿಂಗ್ಸ್ ಇಂಡಿಯನ್‌ನಲ್ಲಿ ನಮಗೆ ಸುಲಭವಾಗಿ ಸಿಗುವುದಿಲ್ಲ. 31ನೆಯ ನಡೆಯಲ್ಲಿ ರಾಣಿಯೇ ಎಚ್7ನ್ನು ಹೊಡೆಯುತ್ತದೆ. ರಾಜ ರಾಣಿಯನ್ನು ಹೊಡೆದರೆ ಎಚ್5ರ ಕಾಲಾಳು ಜಿ6ನ್ನು ಹೊಡೆದು, ಆನೆಯದೂ ತನ್ನದೂ ಸೇರಿ ಎರಡು ಚೆಕ್ ಕೊಡುತ್ತದೆ. ರಾಜ ಆ ಕಾಲಾಳನ್ನು ಹೊಡೆದರೆ ಒಂಟೆ ಇ4ಕ್ಕೆ ಬಂದು ಮೇಟ್. ಮ್ಯಾಗ್ಮಾರ್‌ಸುರೆನ್ ಅಲ್ಲಿಗೇ ಆಟ ಬಿಟ್ಟುಕೊಟ್ಟರು. ಎಷ್ಟು ಸಲ ಆಡಿ ನೋಡಿದರೂ ಆ ರಾಣಿಯ ನಡೆ ಬಂದಾಗ ಮೈ ಜುಮ್ಮೆನ್ನುತ್ತದೆ.

ಉತ್ತರ 3 (ಮಂಡ್ಯ)

ಎಫ್4ರ ಬಗ್ಗೆ ಒಂದು ಎಚ್ಚರಿಕೆ. ಡಚ್‌ನಲ್ಲಿ ಎಫ್5 ಆಡುವ ಹೊತ್ತಿಗೆ ಬಿಳಿಯ ಡಿ ಕಾಲಾಳು ಡಿ4ಕ್ಕೆ ಹೋಗಿರುತ್ತದೆ. ನೀವು ಮೊದಲ ನಡೆಯಲ್ಲೇ ಎಫ್4 ಆಡಿದಾಗ ಕಪ್ಪಿನವನು ಇನ್ನೂ ಯಾವುದಕ್ಕೂ ಕಟ್ಟುಬಿದ್ದಿರುವುದಿಲ್ಲ, ಕೂಡಲೇ ಇ5 ಎಂದು ಫ್ರಾಮ್ ಗ್ಯಾಂಬಿಟ್ (ಕಾಲಾಳನ್ನು ಬಿಟ್ಟುಕೊಟ್ಟು ದಾಳಿ ಪಡೆಯುವ ಆಟ) ಕೊಡಬಲ್ಲ. ಇ5ನ್ನು ಹೊಡೆದು, ಡಿ6ನ್ನೂ ಹೊಡೆದು, ಅವನ ಒಂಟೆ ಡಿ6ಕ್ಕೆ ಬಂದ ಮೇಲೆ ನೀವು ಮೈಮರೆತು ಕುದುರೆಯನ್ನು ಸಿ3ಕ್ಕೆ ತಂದರೆ, ರಾಣಿ ಎಚ್4ರಿಂದ ಚೆಕ್. ಜಿ3 ಎಂದು ತಡೆದರೆ ರಾಣಿ ಅದನ್ನು ಹೊಡೆದು ಚೆಕ್. ಎಚ್ ಕಾಲಾಳು ರಾಣಿಯನ್ನು ಹೊಡೆದರೆ ಒಂಟೆ ಜಿ3ನ್ನು ಹೊಡೆದು ಮೇಟ್. ಅಲ್ಲಿ ಕುದುರೆ ಎಫ್3ಕ್ಕೇ ಬರಬೇಕು.

ಪ್ರಶ್ನೆ ಕೇಳಿದವರು

ಮೂವರಿಗೂ ಧನ್ಯವಾದಗಳು. ಕಪ್ಪಿನವರು ನಿಜವಾಗಿಯೂ ಡಿ5, ಸಿ5, ಇ5 ಎಂದು ಮೂರನ್ನೂ ಮುಂದಿಟ್ಟರೆ ಹೆಚ್ಚಿನ ನಡೆಯನ್ನು ಎಲ್ಲಿ ಬಳಸಬೇಕು?

ಉತ್ತರ 1 ಬರೆದವರು

ಸರ್, ಅದು ನಿಮಗೆ ಹಬ್ಬ. ಇ4 ಆಡಿ, ಅವನು ಡಿ4 ಎಂದು ಮುಚ್ಚಿದರೆ ಎ4 ಆಡಿ ಬಿ5ನ್ನು ತಡೆದು, ರಾಣಿಯ ಬದಿಯ ಕುದುರೆಯನ್ನು ಎ3ರ ಮೂಲಕ ಸಿ4ಕ್ಕೆ ತನ್ನಿ. ಅಲ್ಲಿಂದ ಅದು ಇ5ರ ಕಾಲಾಳನ್ನು ಕಾಡುತ್ತದೆ, ಅದನ್ನು ಕಾಲಾಳಿನಿಂದ ಓಡಿಸುವುದು ಕಪ್ಪಿಗೆ ಸುಲಭವಲ್ಲ. ಕಪ್ಪಿನಲ್ಲಿ ನೀವು ಎ5 ಆಡಿ ಕುದುರೆಯನ್ನು ಸಿ5ಕ್ಕೆ ತರುವ ಯೋಜನೆಯೇ ಇದು. ಒಂದು ನಡೆ ಮೊದಲೇ ಮುಗಿಯುತ್ತದೆ, ಆಮೇಲೆ ಎಫ್3ರ ಕುದುರೆಯನ್ನು ಸರಿಸಿ ಎಫ್4ಕ್ಕೆ ಸಿದ್ಧರಾಗಿ. ಅವನು ಸಿ6, ಇ6 ಎಂದು ಕುಳಿತರೆ ಮಾತ್ರ ಇ4ರ ಆಸೆ ಬಿಟ್ಟು ಸಿ4 ಎಂದು ಡಿ5ರ ಮೇಲೆ ಒತ್ತಡ ಹಾಕಿ. ಕುದುರೆ ಎಫ್3, ಜಿ3, ಒಂಟೆ ಜಿ2, ಕ್ಯಾಸಲಿಂಗ್ ಮುಗಿಯುವವರೆಗೆ ಎರಡು ದಾರಿಯೂ ತೆರೆದೇ ಇರುತ್ತದೆ. ಡಿ3ನ್ನು ಅವನ ಕಾಲಾಳುಗಳನ್ನು ನೋಡಿಯೇ ಆಡಿ.